ಪ್ರಶ್ನೆಪತ್ರಿಕೆ ತೋರಿಸಲು ಅಷ್ಟೇಕೆ ಹಿಂಜರಿಕೆ?

ನಿನ್ನೆ ರಾತ್ರಿಯಿಂದ ತಲೆ ಕೆಟ್ಟಿದೆ. ಬರೆಯದೆ ಇರಲು ಆಗುತ್ತಿಲ್ಲ.

ಅಕ್ಕನ ಮಗಳು ಕಿರ್ಗಿಸ್ತಾನದಲ್ಲಿ ಮೆಡಿಕಲ್ ಮುಗಿಸಿ ಬಂದು, ನಮ್ಮನೆಯಲ್ಲೇ ಇದ್ದುಕೊಂಡು ಎಫ್‌ಎಂಜಿಇಗೆ, ಅಂದರೆ ವಿದೇಶದಲ್ಲಿ ಮೆಡಿಕಲ್ ಓದಿದವರು ಇಲ್ಲಿ ಬರೆಯಬೇಕಾದ ಪರೀಕ್ಷೆಗೆ, ಓದುತ್ತಿರುವುದು ನಿಮಗೆಲ್ಲ ಗೊತ್ತು. ಕ್ಲಿನಿಕ್ ಮುಗಿಸಿ ಊಟ ಆದಮೇಲೆ ಸ್ವಲ್ಪ ಹೊತ್ತು ಅವಳ ಜೊತೆ ಕೂರುತ್ತೇನೆ. ನಿನ್ನೆ ಎರಡು ಕೋಚಿಂಗ್ ಆ್ಯಪ್‌ಗಳ ‘ರೀಕಾಲ್’ ಪಿಡಿಎಫ್‌ಗಳನ್ನು, ಅಂದರೆ ಪರೀಕ್ಷೆ ಬರೆದವರ ನೆನಪಿನಿಂದ ಸೇರಿಸಿದ ಪ್ರಶ್ನೆಗಳನ್ನು, ಅಕ್ಕಪಕ್ಕ ಇಟ್ಟು ತೋರಿಸಿದಳು. ಅದೇ ಪರೀಕ್ಷೆ, ಅದೇ ಪ್ರಶ್ನೆ. ಗರ್ಭಿಣಿ, ನೋವಿಲ್ಲದೆ ರಕ್ತಸ್ರಾವ, ಸ್ಕ್ಯಾನ್‌ನಲ್ಲಿ ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಕೂತಿದೆ. ಈಗ ರಕ್ತ ನಿಂತಿದೆ, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಮುಂದೇನು? ಒಂದು ಪಿಡಿಎಫ್‌ನಲ್ಲಿ 32 ವಾರ ಅಂತಿದೆ, ಉತ್ತರ: ಕಾಯಿರಿ. ಇನ್ನೊಂದರಲ್ಲಿ 38 ವಾರ, ಉತ್ತರ: ಸಿಸೇರಿಯನ್. ‘ಡಿ’ ಆಯ್ಕೆ ಇರಬೇಕಾದ ಜಾಗದಲ್ಲಿ ಎರಡರಲ್ಲೂ ‘ನೆನಪಿಲ್ಲ’ ಅಂತ ಬರೆದಿದ್ದಾರೆ.

‘32 ಆದರೆ ಕಾಯಬೇಕು, 37 ದಾಟಿದರೆ ಹೆರಿಗೆ ಮಾಡಿಸಬೇಕು. ಎರಡೂ ಸರಿಯೇ, ಯಾಕೆ ಅಂತ ತಿಳಿದುಕೋ’ ಅಂದೆ. ‘ಅದು ಗೊತ್ತು ಚಿಕ್ಕಮ್ಮ. ಪರೀಕ್ಷೇಲಿ ಕೇಳಿದ್ದು ಯಾವುದು?’ ಅಂದಳು.

ಓದಿನಲ್ಲಿ ಅಷ್ಟು ಆಸೆ ಇದ್ದ ಹುಡುಗಿ ಅದು. ಅವಳ ಬಾಯಲ್ಲಿ ಈ ಮಾತು ಬಂತಲ್ಲ ಅಂತ ಹೊಟ್ಟೆ ಉರಿಯಿತು.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ವಿದೇಶದಲ್ಲಿ ಓದಿದ ನಮ್ಮ ಮಕ್ಕಳು ಇಲ್ಲಿ ವೈದ್ಯಕೀಯ ನೋಂದಣಿ ಪಡೆಯಬೇಕಾದರೆ ಈ ಪರೀಕ್ಷೆ ದಾಟಬೇಕು. 2002ರಿಂದ ಇದೆ, ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಒಂದೇ ದಿನ ಎರಡು ಭಾಗದಲ್ಲಿ 300 ಪ್ರಶ್ನೆ. 150 ಬಂದರೆ ಪಾಸು, 149 ಬಂದರೆ ಇಲ್ಲ. 2025ರ ಜೂನ್‌ನಲ್ಲಿ ಬರೆದವರ ಪೈಕಿ ನೂರಕ್ಕೆ 19 ಮಂದಿಯೂ ಪಾಸಾಗಲಿಲ್ಲ. ಶುಲ್ಕ ಆರು ಸಾವಿರಕ್ಕೂ ಹೆಚ್ಚು. ಇಷ್ಟೆಲ್ಲ ಆದಮೇಲೆ ಪರೀಕ್ಷೆ ನಡೆಸುವ ರಾಷ್ಟ್ರೀಯ ಮಂಡಳಿ ಪ್ರಶ್ನೆಪತ್ರಿಕೆ ಪ್ರಕಟಿಸುವುದಿಲ್ಲ. ಕೇಳಿದ ಪ್ರಶ್ನೆಗಳನ್ನು ಹೊರಗೆ ಹಂಚಿಕೊಳ್ಳುವುದಿಲ್ಲ ಅಂತ ಮಕ್ಕಳಿಂದ ಒಪ್ಪಿಗೆಯನ್ನೂ ಪಡೆಯುತ್ತದೆ. ಕೊನೆಗೆ ಕೈಗೆ ಬರುವುದು 300ಕ್ಕೆ ಇಷ್ಟು ಅನ್ನುವ ಒಂದು ಅಂಕಿ. 140 ಬಂದವಳು ಎಲ್ಲಿ ಎಡವಿದಳು? ಸರ್ಜರಿಯಲ್ಲಾ, ಫಾರ್ಮಕಾಲಜಿಯಲ್ಲಾ? ಆರು ತಿಂಗಳು ಬಿಟ್ಟು ಮತ್ತೆ ಬರೆಯಬೇಕಾದ ಹುಡುಗಿ ಎಲ್ಲಿಂದ ಶುರು ಮಾಡಬೇಕು?

ಪತ್ರಿಕೆ ಮುಚ್ಚಿಟ್ಟಾಗ ಏನಾಗುತ್ತದೆ ಅಂದರೆ, ಪರೀಕ್ಷೆ ಬರೆದು ಹೊರಬಂದವರ ನೆನಪೇ ಸರಕಾಗುತ್ತದೆ. ಸುಸ್ತಾಗಿ, ಹಸಿದು ಬಂದ ಮಕ್ಕಳ ಹತ್ತಿರ ಟೆಲಿಗ್ರಾಂ ಗುಂಪುಗಳಲ್ಲಿ ‘ಏನು ಬಂತು, ಏನು ಬಂತು’ ಅಂತ ಕೇಳಿ, ಅರ್ಧ ನೆನಪಿಗೆ ಇನ್ನರ್ಧ ಊಹೆ ಸೇರಿಸಿ ಮಾರುತ್ತಾರೆ. ನಮ್ಮ ಹುಡುಗಿ ಅದನ್ನು ದುಡ್ಡು ಕೊಟ್ಟು ಕೊಂಡು ಬಾಯಿಪಾಠ ಮಾಡುತ್ತಾಳೆ. ರಕ್ತಸ್ರಾವವಾಗುತ್ತಿರುವ ಹೆಣ್ಣುಮಗಳ ಮುಂದೆ ನಿಂತಾಗ ಎಷ್ಟು ವಾರ ಅಂತ ಮೊದಲು ಕೇಳಬೇಕಾದವಳಿಗೆ, ಆ ವಾರವೇ ಲೆಕ್ಕಕ್ಕಿಲ್ಲದ ಪ್ರಶ್ನೆಗಳನ್ನು ಉರು ಹೊಡೆಸುತ್ತಿದ್ದೇವೆ. ನನಗೆ ಸಿಟ್ಟು ಬರುವುದು ಇಲ್ಲಿ.

‘ಇಲ್ಲಿ ಸೀಟು ಸಿಗದೆ ಹೋದವರು, ಪರೀಕ್ಷೆ ಕಷ್ಟವಾಗೇ ಇರಲಿ’ ಅಂತ ಕಮೆಂಟ್ ಹಾಕಲು ಹೊರಟವರಿಗೆ ಮೊದಲೇ ಹೇಳಿಬಿಡುತ್ತೇನೆ: ಇರಲಿ! ಇನ್ನೂ ಕಷ್ಟವಾಗಲಿ. ರೋಗಿಯನ್ನೇ ಸರಿಯಾಗಿ ಮುಟ್ಟಿ ನೋಡದೆ ಪದವಿ ಹಿಡಿದು ಬಂದವರೂ ಇದ್ದಾರೆ, ಅಂಥವರ ಕೈಗೆ ನನ್ನ ಊರಿನ ಜನರನ್ನು ಒಪ್ಪಿಸಲು ನಾನೂ ಸಿದ್ಧಳಿಲ್ಲ. ನಾನು ಸುಲಭ ಮಾಡಿ ಅನ್ನುತ್ತಿಲ್ಲ, ತೋರಿಸಿ ಅನ್ನುತ್ತಿದ್ದೇನೆ.

ಇನ್ನೊಂದು ವಾದ, ಪತ್ರಿಕೆ ಬಿಟ್ಟರೆ ಪ್ರಶ್ನೆಗಳ ಸಂಗ್ರಹ ಖಾಲಿಯಾಗುತ್ತದಂತೆ. ನಮ್ಮ ಕೆಇಎ ಸಿಇಟಿ ಮುಗಿದ ಮೇಲೆ ಕೀ ಉತ್ತರ ಹಾಕಿ ಆಕ್ಷೇಪಣೆ ಕರೆಯುತ್ತದೆ. ಇಪ್ಪತ್ತು ಲಕ್ಷ ಮಕ್ಕಳು ಬರೆಯುವ ನೀಟ್ ಯುಜಿಯಲ್ಲೂ ಕೀ ಉತ್ತರ ಬರುತ್ತದೆ, ತಾವು ಉತ್ತರ ಗುರುತಿಸಿದ ಓಎಂಆರ್ ಹಾಳೆ ನೋಡಲು ಸಿಗುತ್ತದೆ. ಅವರಿಗೆ ವರ್ಷವರ್ಷ ಹೊಸ ಪ್ರಶ್ನೆ ಬರೆಯಲು ಆಗುತ್ತದೆ. ಅಮೆರಿಕದ ವೈದ್ಯಕೀಯ ಪರವಾನಗಿ ಪರೀಕ್ಷೆ ಯುಎಸ್‌ಎಂಎಲ್‌ಇಯೂ ಪತ್ರಿಕೆ ಬಿಡುವುದಿಲ್ಲ, ನಿಜ. ಆದರೆ ಅವರು ಅಧಿಕೃತ ಮಾದರಿ ಪ್ರಶ್ನೆಗಳನ್ನು ಪುಕ್ಕಟೆ ಕೊಡುತ್ತಾರೆ, ಫೇಲಾದವರಿಗೆ ಯಾವ ವಿಭಾಗದಲ್ಲಿ ಹಿಂದೆ ಬಿದ್ದೆ ಅಂತ ವರದಿ ಕೊಡುತ್ತಾರೆ. ನಮ್ಮವರು ಅಷ್ಟಾದರೂ ಮಾಡಲಿ.

2022ರ ಮಾರ್ಚ್ 1ರಂದು ಉಕ್ರೇನ್‌ನ ಖಾರ್ಕಿವ್‌ನಲ್ಲಿ ಮೆಡಿಕಲ್ ಓದುತ್ತಿದ್ದ, ದಿನಸಿ ತರಲು ಹೋದ ನಮ್ಮ ಹಾವೇರಿ ಜಿಲ್ಲೆಯ ಹುಡುಗ ಶೆಲ್ ದಾಳಿಗೆ ಬಲಿಯಾದ. ‘ಮಕ್ಕಳು ಅಷ್ಟು ದೂರ ಯಾಕೆ ಹೋಗಬೇಕು’ ಅಂತ ಆಗ ಎಲ್ಲರೂ ಕೇಳಿದರು, ಟಿವಿಯಲ್ಲಿ ದಿನಗಟ್ಟಲೆ ಚರ್ಚೆ ಆಯಿತು. ಹೋದವರು ವಾಪಸ್ ಬಂದು ಏನು ಮಾಡುತ್ತಿದ್ದಾರೆ ಅಂತ ಈಗ ಯಾರೂ ಕೇಳುವುದಿಲ್ಲ. ಬೆಂಗಳೂರಿನ ಪೇಯಿಂಗ್ ಗೆಸ್ಟ್ ಕೋಣೆಗಳಲ್ಲಿ ಹಗಲೂ ರಾತ್ರಿ ರೀಕಾಲ್ ಓದುತ್ತಿದ್ದಾರೆ.

‘ನಮ್ಮ ಮಗ ಇಲ್ಲೇ ಓದುತ್ತಿದ್ದಾನೆ, ನಮಗೇನು’ ಅನ್ನುವವರೂ ಕೇಳಿ. ಇಲ್ಲಿನ ಎಂಬಿಬಿಎಸ್ ಮಕ್ಕಳಿಗೂ ನೋಂದಣಿಗೆ ಮೊದಲು ‘ನೆಕ್ಸ್ಟ್’ ಅನ್ನುವ ಪರೀಕ್ಷೆ ಅಂತ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ (ಎನ್‌ಎಂಸಿ) ಕಾಯ್ದೆಯಲ್ಲೇ ಬರೆದಿದೆ. ಇನ್ನೂ ಜಾರಿಯಾಗಿಲ್ಲ ಅಷ್ಟೆ. ಅದು ಬರುವ ದಿನ ಇದೇ ಮುಚ್ಚಿದ ಪತ್ರಿಕೆ, ಇದೇ ರೀಕಾಲ್ ವ್ಯಾಪಾರ ನಿಮ್ಮ ಮನೆಗೂ ಬರಬಾರದು ಅಂದರೆ ಈಗಲೇ ಬಾಯಿ ಬಿಡಬೇಕು.

ಹೋದ ಸಲ ಫಲಿತಾಂಶ ಬಂದ ರಾತ್ರಿ ಅವಳ ಕೋಣೆಯಿಂದ ಅಳುವ ಸದ್ದು ಕೇಳುತ್ತಿತ್ತು. ಬಾಗಿಲ ತನಕ ಹೋದೆ, ತಟ್ಟಲು ಕೈ ಬರಲಿಲ್ಲ. ಯಾವ ವಿಷಯ ಇನ್ನಷ್ಟು ಓದಬೇಕು ಅಂತ ಗೊತ್ತಿದ್ದರೆ ಒಳಗೆ ಹೋಗಿ ಪಕ್ಕದಲ್ಲಿ ಕೂತು ‘ಇದೊಂದು ಗಟ್ಟಿ ಮಾಡೋಣ ಬಾ’ ಅನ್ನುತ್ತಿದ್ದೆ. ಅದು ನನಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ.

ಕೊನೇಪಕ್ಷ ವಿಷಯವಾರು ಅಂಕ ಕೊಡಿ ಅಂತ ಮಂಡಳಿಗೆ ಪತ್ರ ಬರೆದಿದ್ದೇನೆ, ಸಂಸದರ ಕಚೇರಿಗೂ ಒಂದು ಪ್ರತಿ ಕಳಿಸುತ್ತೇನೆ. ಸಹಿ ಹಾಕುವ ಡಾಕ್ಟರುಗಳು ಇನ್‌ಬಾಕ್ಸ್‌ಗೆ ಬನ್ನಿ. ಸಾಗರದ ಸುತ್ತಮುತ್ತ ಯಾರ ಮನೆಯಲ್ಲಾದರೂ ಈ ಪರೀಕ್ಷೆಗೆ ಓದುತ್ತಿರುವ ಮಕ್ಕಳಿದ್ದರೆ ಭಾನುವಾರ ಬೆಳಿಗ್ಗೆ ನಮ್ಮ ಕ್ಲಿನಿಕ್‌ಗೆ ಕಳಿಸಿ. ಹೆರಿಗೆ ವಿಷಯ ನಾನು ಹೇಳಿಕೊಡುತ್ತೇನೆ, ಮಕ್ಕಳ ವಿಭಾಗಕ್ಕೆ ಗೆಳತಿಯೊಬ್ಬಳು ಒಪ್ಪಿದ್ದಾಳೆ. ಸರ್ಜರಿಗೆ ಇನ್ನೂ ಯಾರೂ ಸಿಕ್ಕಿಲ್ಲ.