ಬೆಕ್ ಅವರ ಬಲಗೈ ಬಗ್ಗೆ ಬರೆಯಬೇಕಿತ್ತು

ಇಂಗ್ಲೆಂಡಿನ ರಾಕ್ ಗಿಟಾರಿಸ್ಟ್ ಜೆಫ್ ಬೆಕ್ ಬಗ್ಗೆ ನಿಮ್ಮ ಲೇಖನ ಕನ್ನಡದಲ್ಲಿ ಓದಿ ಖುಷಿಯಾಯ್ತು, ಸಂಕಟವೂ ಆಯ್ತು. 2023ರ ಜನವರಿಯಲ್ಲಿ ಅವರು ತೀರಿಹೋದಾಗ ದಾವಣಗೆರೆಯಲ್ಲಿ ಈ ದುಃಖ ಹೇಳಿಕೊಳ್ಳೋಕೆ ನನಗೆ ಯಾರೂ ಸಿಗಲಿಲ್ಲ. ‘ಯಾರು ಅವರು?’ ಅಂತ ಕೇಳಿದವರೇ ಜಾಸ್ತಿ.

ಆದರೆ ಲೇಖನದ ತುಂಬಾ ಗಿಟಾರಿಸ್ಟ್ ಎರಿಕ್ ಕ್ಲಾಪ್ಟನ್ ಬಿಟ್ಟ ಜಾಗಕ್ಕೆ ಯಾರ್ಡ್‌ಬರ್ಡ್ಸ್ ಬ್ಯಾಂಡ್ ಸೇರಿದರು ಅನ್ನೋದೇ ಇದೆ. ಅದು 1965ರ ಮಾತು ಸ್ವಾಮಿ! ಅವರ ಬಲಗೈ ಬಗ್ಗೆ ಬರೆಯಬೇಕಿತ್ತು. ಎಂಬತ್ತರ ದಶಕದಲ್ಲಿ ಪಿಕ್ (ತಂತಿ ಮೀಟುವ ಪುಟ್ಟ ಬಿಲ್ಲೆ) ಬದಿಗಿಟ್ಟು ಬೆರಳಲ್ಲೇ ನುಡಿಸತೊಡಗಿದರು. ಹೆಬ್ಬೆರಳು ತಂತಿ ಮೀಟುವಾಗ ಕಿರುಬೆರಳು ಗಿಟಾರಿನ ವಾಲ್ಯೂಮ್ ಗುಂಡಿಯ ಮೇಲೆ. ಗುಂಡಿ ಪೂರ್ತಿ ಇಳಿಸಿ ಮೀಟುವುದು, ಆಮೇಲೆ ಮೆಲ್ಲಗೆ ಏರಿಸುವುದು. ಮೀಟಿದ ಸದ್ದೇ ಕೇಳಲ್ಲ, ಸ್ವರ ಮಾತ್ರ ಉಬ್ಬಿ ಬರುತ್ತೆ. ತಂತಿಗಳ ಬಿಗಿ ಬದಲಿಸುವ ಸಣ್ಣ ಸಲಾಕೆ ವ್ಯಾಮಿ ಬಾರ್ ಒತ್ತಿದರೆ ಅದೇ ಸ್ವರ ಜಾರುತ್ತೆ, ಥೇಟ್ ನಮ್ಮ ಹಿಂದೂಸ್ತಾನಿ ಗಾಯಕರು ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ತರ. ರೇಡಿಯೊದಲ್ಲಿ ಶಾಸ್ತ್ರೀಯ ಬಿಟ್ಟು ಬೇರೇನೂ ಹಾಕದ ನಮ್ಮ ದೊಡ್ಡಪ್ಪ ಕೂಡ, ‘ಇವನು ಹಾಡ್ತಾನಲ್ಲೋ!’ ಅಂದಿದ್ದರು.

1975ರ ಅವರ ವಾದ್ಯಸಂಗೀತದ ಆಲ್ಬಂಗೆ ಬೀಟಲ್ಸ್ ಬ್ಯಾಂಡಿನ ಆಲ್ಬಂಗಳನ್ನು ನಿರ್ಮಿಸಿದ ಜಾರ್ಜ್ ಮಾರ್ಟಿನ್ ಅವರೇ ನಿರ್ಮಾಪಕರು. ಅದರ ಬಗ್ಗೆ ಒಂದು ಸಾಲೂ ಇಲ್ವಲ್ಲ? ಇನ್ನೊಂದು ಲೇಖನ ಬರೀರಿ, ಓದೋಕೆ ನಾನಂತೂ ಇದ್ದೀನಿ.