ಬಹುಮಾನದ ಗಂಗಾಳ

ರಾಯಚೂರು ಸೀಮೆಯ ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ವಾರ್ಷಿಕೋತ್ಸವ ಹತ್ತಿರ ಬಂತೆಂದರೆ ದೈಹಿಕ ಶಿಕ್ಷಕಿ ಮೊದಲು ಹೋಗುವುದು ಪಾತ್ರೆ ಅಂಗಡಿಗೆ. ಮೊದಲು ಬಂದವಳಿಗೆ ಗಂಗಾಳ, ಎರಡನೆಯವಳಿಗೆ ಡಬ್ಬಿ, ಮೂರನೆಯವಳಿಗೆ ಬಟ್ಟಲು. ಇದನ್ನು ಯಾವ ಸುತ್ತೋಲೆಯೂ ಹೇಳಿಲ್ಲ. ಬದಲಿಸುವ ಧೈರ್ಯವೂ ಯಾರಿಗಿಲ್ಲ.

ಲೆಕ್ಕ ತಪ್ಪುವುದು ಗುಂಪು ಆಟದಲ್ಲಿ. ನೂರು ಮೀಟರ್ ಓಟಕ್ಕೆ ಮೂರೇ ಸಾಮಾನು. ಖೋ ಖೋ ಕಣದಲ್ಲಿ 9, ಕಬಡ್ಡಿಗೆ 7, ಥ್ರೋಬಾಲಿಗೆ 7, ರಿಲೇಗೆ 4: ಗೆದ್ದವರೇ 27, ಸೋತ ಫೈನಲಿಸ್ಟರು ಸೇರಿ 54. ಬದಲಿ ಆಟಗಾರ್ತಿಯರನ್ನು ಮರೆತಿರೋ, ಮರುದಿನ ತಾಯಂದಿರು ಗೇಟಿನಲ್ಲಿ. ಪ್ರತಿಭಾ ಕಾರಂಜಿಯ ಕವ್ವಾಲಿ, ಜಾನಪದ ನೃತ್ಯದ ತಂಡಗಳು ಬೇರೆ. ಹಾಗಾಗಿ ಗುಂಪಿಗೆಲ್ಲ ಒಂದೇ ಅಳತೆಯ ಬಟ್ಟಲು, ಮೇಲೆ ಹತ್ತು ಹೆಚ್ಚಿಗೆ. ರಂಗೋಲಿಯಲ್ಲಿ ಮೂರನೇ ಸ್ಥಾನ ಇಬ್ಬರಿಗೆ ಹೋಗದ ವರ್ಷ ಅಪರೂಪ.

ಸ್ಟೀಲು ತೂಕದ ಮೇಲೆ. ದುಡ್ಡು ಸಾಲದಿದ್ದರೆ ಸಂಖ್ಯೆ ಇಳಿಯುವುದಿಲ್ಲ, ತಗಡು ತೆಳ್ಳಗಾಗುತ್ತದೆ. ಆಯಸ್ಕಾಂತ ಅಂಟದಿದ್ದರೆ ಒಳ್ಳೆಯ ಸ್ಟೀಲು ಎನ್ನುವ ನಂಬಿಕೆ ಅರ್ಧ ನಿಜ: ನಿಕ್ಕಲ್ ಕಡಿಮೆ, ಮ್ಯಾಂಗನೀಸ್ ಹೆಚ್ಚಿರುವ ಅಗ್ಗದ '202' ದರ್ಜೆಯ ಸ್ಟೀಲು ಕೂಡ ಸಾಮಾನ್ಯವಾಗಿ ಅಂಟುವುದಿಲ್ಲ. ಅದರ ಬಣ್ಣ ಬಯಲಾಗುವುದು ಉಪ್ಪಿನಕಾಯಿ ಹಾಕಿಟ್ಟು ಚುಕ್ಕಿ ಎದ್ದಾಗ.

ಹೆಸರು ಕೊರೆಯುವುದೇ ಒಂದು ಪರೀಕ್ಷೆ. ಯಂತ್ರ ಚುಕ್ಕಿ ಚುಕ್ಕಿಯಾಗಿ ಕುಟ್ಟುವುದರಿಂದ ತೆಳು ತಗಡಿನ ಹಿಂಬದಿ ಉಬ್ಬುತ್ತದೆ. ಗಂಗಾಳದ ಒಳಗೆ ಬರೆಸಿದರೆ ಸಾರಿನ ಜಿಡ್ಡು ಅಕ್ಷರಗಳಲ್ಲಿ ಕೂರುತ್ತದೆ. ಹೊರ ಅಂಚೇ ಸರಿ. ಶಾಲೆಯ ಹೆಸರು, ಇಸವಿ ಮಾತ್ರ ಸಾಕು. ಮೊದಲೇ 'ಪ್ರಥಮ' ಎಂದು ಕೆತ್ತಿಸಿಟ್ಟರೆ ಸಮ ಅಂಕ ಬಂದಾಗ ಒಂದು ಕಡಿಮೆ ಬೀಳುತ್ತದೆ. ಬಾಯಲ್ಲಿ ಹೇಳಿ ಬಂದರೆ 'ಪ್ರೌಢ' 'ಪ್ರೌಡ' ಆಗುತ್ತದೆ. ಚೀಟಿಯಲ್ಲಿ ದಪ್ಪಗೆ ಬರೆದುಕೊಡಬೇಕು. ಸ್ಟೀಲಿನ ಮೇಲೆ ರಬ್ಬರು ನಡೆಯುವುದಿಲ್ಲ.

ಬಂಗಾರದ ಬಣ್ಣದ ಪ್ಲಾಸ್ಟಿಕ್ ಟ್ರೋಫಿ ಫೋಟೋದಲ್ಲಿ ಚೆಂದ, ನಿಜ. ವರ್ಷದೊಳಗೆ ತಳದ ನಟ್ಟು ಸಡಿಲಾಗಿ ಗೊಂಬೆ ಒಂದು ಕಡೆ ವಾಲುತ್ತದೆ. ಗಂಗಾಳಕ್ಕೆ ಮರುದಿನದಿಂದಲೇ ಕೆಲಸ. 2002ರಲ್ಲಿ ಬಿಸಿಯೂಟ ಮೊದಲು ಶುರುವಾದ ಜಿಲ್ಲೆಗಳಲ್ಲಿ ರಾಯಚೂರೂ ಇತ್ತು. ಮುಂದೆ ಅದು ಪ್ರೌಢಶಾಲೆಗೂ ಬಂತು. ಗೆದ್ದ ಗಂಗಾಳವನ್ನೇ ಹಿಡಿದು ಊಟದ ಸಾಲಿನಲ್ಲಿ ನಿಲ್ಲುವವಳ ಠೀವಿ ನೋಡಬೇಕು! ಅಂಚು ಗಿಡ್ಡವಿದ್ದರೆ ಸಾಂಬಾರು ಲಂಗದ ಮೇಲೆ, ಅದು ಬೇರೆ ಮಾತು.

ಓಡಿ ಗೆದ್ದವಳ ಕೈಗೂ ಪಾತ್ರೆಯೇ ಏಕೆ ಎಂಬ ತಕರಾರು ಇದೆ, ನ್ಯಾಯವೂ ಹೌದು. ಕೆಲವು ತಾಯಂದಿರು ಅದನ್ನು ಮಗಳ ಮದುವೆಗೆಂದು ಟ್ರಂಕಿಗೆ ಸೇರಿಸಿಬಿಡುತ್ತಾರೆ. ಗೆದ್ದವಳು ಹಳೇ ತಾಟಿನಲ್ಲೇ ಉಣ್ಣುತ್ತಾಳೆ. ಬೂಟು ಕೊಡೋಣವೆಂದರೆ ಕಾಲಿನ ಅಳತೆ ಬೇಕು, ಗೆದ್ದವರು ಯಾರೆಂದು ತಿಳಿಯುವುದು ಕೊನೆಗೆ. ಓದಿನ ಬಹುಮಾನಕ್ಕೆ ನಿಘಂಟು ಒಳ್ಳೆಯದು. ಆದರೆ ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ ಅತಿ ಹೆಚ್ಚು ತೆಗೆದವಳು ಆಗಲೇ ಕಾಲೇಜು ಸೇರಿರುತ್ತಾಳೆ. ಸಮಾರಂಭದ ದಿನ ಅವಳಿಗೆ ಪ್ರಾಕ್ಟಿಕಲ್ ಇದ್ದರೆ ಬಹುಮಾನ ಸ್ಟಾಫ್ ರೂಮಿನ ಕಪಾಟಿನಲ್ಲೇ. ಎಂಟನೇ ತರಗತಿಯ ತಂಗಿ ಸಹಿ ಮಾಡಿ ಒಯ್ಯಬೇಕು.