ವಾರದ ಹೀರೋ ಒಹ್ತಾನಿ, ವಾರದ ಜೀರೋ ಕೂಡ ಒಹ್ತಾನಿ

2025ರ ಅಕ್ಟೋಬರ್ 17ರ ರಾತ್ರಿ ಲಾಸ್ ಏಂಜಲೀಸ್‌ನಲ್ಲಿ ಡಾಡ್ಜರ್ಸ್ ತಂಡದ ಶೋಹೆ ಒಹ್ತಾನಿ ಆಡಿದ ಆಟವನ್ನು ಬೇಸ್‌ಬಾಲ್ ಬಲ್ಲವರು ಇನ್ನೂ ಮೆಲುಕು ಹಾಕುತ್ತಿದ್ದಾರೆ. ಪಿಚರ್ ಆಗಿ, ಅಂದರೆ ಚೆಂಡು ಎಸೆಯುವವನಾಗಿ, ಹತ್ತು ಮಂದಿಯನ್ನು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್) ಮಾಡಿದ. ಒಂದು ರನ್ನೂ ಬಿಟ್ಟುಕೊಡಲಿಲ್ಲ. ಅದೇ ಪಂದ್ಯದಲ್ಲಿ ಬ್ಯಾಟ್ ಹಿಡಿದು ಬಂದು ಮೂರು ಹೋಮ್ ರನ್ (ನಮ್ಮ ಸಿಕ್ಸರ್ ಥರದ ಹೊಡೆತ) ಬಾರಿಸಿದ. ಡಾಡ್ಜರ್ಸ್ ಗೆದ್ದು ವರ್ಲ್ಡ್ ಸೀರೀಸ್ ಎಂಬ ಫೈನಲ್‌ಗೆ ಹೋಯಿತು. ಒಂದು ಸಂಜೆಯಲ್ಲಿ ಒಬ್ಬ ಮನುಷ್ಯ ಇದಕ್ಕಿಂತ ಜಾಸ್ತಿ ಏನು ಮಾಡಬಹುದು, ಹೇಳಿ?

ಅಸಲಿ ಆಟಗಾರರನ್ನು ಹೆಕ್ಕಿ ಕಾಗದದ ಮೇಲೆ ತಂಡ ಕಟ್ಟುವ ಫ್ಯಾಂಟಸಿ ಬೇಸ್‌ಬಾಲ್‌ನ ಬಹುತೇಕ ಲೀಗ್‌ಗಳಲ್ಲಿ ಆ ಆಟಕ್ಕೆ ಸಿಕ್ಕಿದ್ದು ಸೊನ್ನೆ. ಅಲ್ಲಿ ಸೆಪ್ಟೆಂಬರ್ ಕೊನೆಗೇ ಲೆಕ್ಕದ ಪುಸ್ತಕ ಮುಚ್ಚಿರುತ್ತದೆ. ಪ್ಲೇಆಫ್, ವರ್ಲ್ಡ್ ಸೀರೀಸ್ ಇವೆಲ್ಲ ಸುಮ್ನೆ ಆಟ ನೋಡುವ ಮಾಮೂಲಿ ಜನಕ್ಕೆ. ಏಪ್ರಿಲ್‌ನ ಯಾವುದೋ ಮಂಗಳವಾರ, ಅರ್ಧ ಖಾಲಿ ಸ್ಟೇಡಿಯಂನಲ್ಲಿ, ಆಗಲೇ ಸೋತು ಸುಣ್ಣವಾದ ತಂಡದ ಏಳನೇ ಬ್ಯಾಟರ್ ಒಂದು ಬೇಸ್ ಕದ್ದರೆ (ಪಿಚರ್ ಕಣ್ಣು ತಪ್ಪಿಸಿ ಮುಂದಿನ ಬೇಸಿಗೆ ಓಡಿದರೆ) ಅದು ಲೆಕ್ಕಕ್ಕೆ ಬರುತ್ತದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಡ್ರೀಮ್ ಇಲೆವೆನ್ ಗೊತ್ತಲ್ವಾ? 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾಯ್ದೆ ಬಂದು ದುಡ್ಡಿನಾಟ ನಿಲ್ಲಿಸುವ ತನಕ ನಮ್ಮವರೂ ಸಂಜೆ ಏಳಕ್ಕೆ ಮುಂಚೆ ತಂಡ ಕಟ್ಟಿ ಹತ್ತೂವರೆಗೆ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಅದು ಒಂದು ರಾತ್ರಿಯ ಸಂಕಟ. ಅಮೆರಿಕದವರದು ಆರು ತಿಂಗಳ ಸಂಕಟ. ಅಸಲಿ ಲೀಗ್‌ನಲ್ಲಿ, ಅಂದರೆ ಮೇಜರ್ ಲೀಗ್‌ನಲ್ಲಿ, 30 ತಂಡ, ಒಂದೊಂದಕ್ಕೂ 162 ಪಂದ್ಯ. ಅವುಗಳಿಂದ ಆಟಗಾರರನ್ನು ಹೆಕ್ಕಿ ನೀವೊಂದು ತಂಡ ಕಟ್ಟಬೇಕು. ಪ್ರತಿ ಸೋಮವಾರ ನಿಮ್ಮ ಹಾಗೇ ತಂಡ ಕಟ್ಟಿದ ಇನ್ನೊಬ್ಬ ಮಾಲೀಕನ ಜೊತೆ ಜಗಳ ಶುರು, ಭಾನುವಾರ ರಾತ್ರಿ ತೀರ್ಪು. ನಿಮ್ಮ ಹುಡುಗರು ಹೊಡೆದ ಹೋಮ್ ರನ್, ಕದ್ದ ಬೇಸ್, ಮಾಡಿದ ಸ್ಟ್ರೈಕ್‌ಔಟ್ ಎಲ್ಲ ಕೂಡಿ, ಕಳೆದು ಗೆಲುವು ನಿರ್ಧಾರ. ಆ ಹುಡುಗರಿಗೆ ನೀವು ಯಾರೆಂದು ಗೊತ್ತಿಲ್ಲ. ಅದು ಬೇರೆ ವಿಷಯ.

ಇದನ್ನು ಶುರು ಮಾಡಿದ್ದು ಡೇನಿಯಲ್ ಓಕ್ರೆಂಟ್ ಎಂಬ ಪತ್ರಕರ್ತ ಮತ್ತು ಅವನ ಗೆಳೆಯರು, 1980ರಲ್ಲಿ. ಅವರು ಊಟಕ್ಕೆ ಸೇರುತ್ತಿದ್ದ ನ್ಯೂಯಾರ್ಕ್‌ನ ಫ್ರೆಂಚ್ ಹೋಟೆಲ್ಲಿನ ಹೆಸರಿಂದ ಇದಕ್ಕೆ ರೋಟಿಸರಿ ಲೀಗ್ ಎಂಬ ಹೆಸರೂ ಬಂತು. ಹೋಟೆಲ್ ಮುಚ್ಚಿತು, ರೋಗ ಹಬ್ಬಿತು. ಆಟ ಕಂಡುಹಿಡಿದ ಓಕ್ರೆಂಟ್ ಮಾತ್ರ ವರ್ಷಗಟ್ಟಲೆ ಆಡಿಯೂ ಆ ಲೀಗ್ ಗೆಲ್ಲಲಿಲ್ಲ ಎಂಬುದು ಪ್ರಸಿದ್ಧ. ಅಲ್ಲಿಗೇ ಎಲ್ಲರೂ ನಿಲ್ಲಿಸಬಹುದಿತ್ತು.

ಈಗ ವಾರದ ಶ್ರೇಷ್ಠ, ವಾರದ ಕಳಪೆ ಎಂಬ ಪಟ್ಟಿಗೆ ಬರೋಣ. ಸೋಮವಾರ ಬೆಳಿಗ್ಗೆ ಪ್ರತಿ ಲೀಗ್‌ನಲ್ಲೂ ಇದೊಂದು ಕೋರ್ಟ್ ಕಲಾಪ. ಹೋದ ವಾರ ಯಾರು ಮಾನ ಕಾಪಾಡಿದರು, ಯಾರು ಮಾನ ಕಳೆದರು ಎಂದು ಮಾಲೀಕರು ತೀರ್ಪು ಬರೆಯುತ್ತಾರೆ. ಇದರಲ್ಲಿ ಒಹ್ತಾನಿಯ ಕೇಸು ಬಹಳ ಸೊಗಸು. ಯಾಹೂ ಫ್ಯಾಂಟಸಿಯಲ್ಲಿ ಅವನು ಒಬ್ಬನಲ್ಲ, ಇಬ್ಬರು. ಬ್ಯಾಟರ್ ಒಹ್ತಾನಿ ಬೇರೆ, ಪಿಚರ್ ಒಹ್ತಾನಿ ಬೇರೆ. ಭೀಮ ಜರಾಸಂಧನನ್ನು ಸೀಳಿ ಒಂದೊಂದು ಹೋಳನ್ನು ಒಂದೊಂದು ಕಡೆ ಎಸೆದ ಹಾಗೆ. ಒಂದು ಹೋಳು ನಿಮ್ಮ ತಂಡದಲ್ಲಿ, ಇನ್ನೊಂದು ನಿಮ್ಮ ಎದುರಾಳಿಯ ತಂಡದಲ್ಲಿ. ಅವನು ಪಿಚ್ ಮಾಡುವಾಗ ನೀವು ಶಾಪ ಹಾಕಬೇಕು. ಅರ್ಧ ಇನ್ನಿಂಗ್ಸ್ ಕಳೆದು ಬ್ಯಾಟ್ ಹಿಡಿದರೆ ಹರಕೆ ಹೊರಬೇಕು. ಮೊದಲ ಇನ್ನಿಂಗ್ಸ್‌ನಲ್ಲೇ ಐದು ರನ್ ಬಿಟ್ಟು, ಆಮೇಲೆ ಎರಡು ಹೋಮ್ ರನ್ ಹೊಡೆದ ಅಂತಿಟ್ಟುಕೊಳ್ಳಿ. ವಾರದ ಹೀರೋ, ವಾರದ ಜೀರೋ ಎರಡೂ ಅವನೇ. ಒಂದೇ ಅಂಗಿ, ಒಂದೇ ಬೆವರು.

ಒಳ್ಳೇ ಆಟ ಅಂದರೆ ಏನು ಎಂಬುದೇ ಇಲ್ಲಿ ತಲೆಕೆಳಗು. 2025ರ ಏಪ್ರಿಲ್ 26ರಂದು ಅರಿಜೋನಾದ ಯುಹೇನಿಯೊ ಸ್ವಾರೆಜ್ ಒಂದೇ ಪಂದ್ಯದಲ್ಲಿ ನಾಲ್ಕು ಹೋಮ್ ರನ್ ಹೊಡೆದ. ನೂರೈವತ್ತು ವರ್ಷದ ಆಟದಲ್ಲಿ ಬೆರಳೆಣಿಕೆಯ ಜನ ಮಾಡಿದ ಕೆಲಸ ಅದು. ಆದರೂ ಅವನ ತಂಡ ಅಟ್ಲಾಂಟಾ ಎದುರು 8-7ರಿಂದ ಸೋತಿತು. ಅರಿಜೋನಾದ ಅಭಿಮಾನಿ ಮುಖ ಸಪ್ಪೆ ಮಾಡಿಕೊಂಡು ಮನೆಗೆ ಹೋದ. ಸ್ವಾರೆಜ್‌ನನ್ನು ಇಟ್ಟುಕೊಂಡಿದ್ದ ಮಾಲೀಕ ಎಲ್ಲೋ ಸೋಫಾದ ಮೇಲೆ ಕುಣಿದ. ಸೋತಿದ್ದು ಯಾರು? ಯಾರೋ. ಅದು ಅವನ ತಲೆನೋವಲ್ಲ.

ನನ್ನ ಕಣ್ಣಲ್ಲಿ ಇದರ ಪರಾಕಾಷ್ಠೆ 1999ರ ಏಪ್ರಿಲ್ 23. ಸೇಂಟ್ ಲೂಯಿಸ್ ತಂಡದ ಫರ್ನಾಂಡೊ ತಾತೀಸ್ ಒಂದೇ ಇನ್ನಿಂಗ್ಸ್‌ನಲ್ಲಿ ಎರಡು ಗ್ರ್ಯಾಂಡ್ ಸ್ಲಾಮ್ ಹೊಡೆದ. ಅಂದರೆ ಮೂರು ಬೇಸಿನಲ್ಲೂ ಜನ ನಿಂತಿದ್ದಾಗ ಹೋಮ್ ರನ್, ಅದೂ ಎರಡು ಸಲ. ಒಂದೇ ಇನ್ನಿಂಗ್ಸ್‌ಗೆ ಎಂಟು ಆರ್‌ಬಿಐ, ಅಂದರೆ ಅವನ ಹೊಡೆತದಿಂದ ಬಂದ ಎಂಟು ರನ್. ಎರಡನ್ನೂ ಹೊಡೆಸಿಕೊಂಡವನು ಒಬ್ಬನೇ ಪಿಚರ್, ಡಾಡ್ಜರ್ಸ್‌ನ ಚಾನ್ ಹೋ ಪಾರ್ಕ್. ಆ ವಾರ ತಾತೀಸ್ ಇದ್ದವನಿಗೂ ಪಾರ್ಕ್ ಇದ್ದವನಿಗೂ ಪಂದ್ಯ ಬಿದ್ದಿದ್ದರೆ? ಶ್ರೇಷ್ಠ, ಕಳಪೆ ಎರಡು ಪ್ರಶಸ್ತಿಯೂ ಒಂದೇ ಇನ್ನಿಂಗ್ಸ್‌ನಲ್ಲಿ ಬಟವಾಡೆ. ಇನ್ನೂ ಮೇಲು, ಇಬ್ಬರೂ ಒಬ್ಬನ ತಂಡದಲ್ಲೇ ಇದ್ದಿದ್ದರೆ? ಆ ಮನುಷ್ಯ ನಗಬೇಕೋ ಅಳಬೇಕೋ ಎಂದು ಕ್ಯಾಲ್ಕ್ಯುಲೇಟರ್ ಒತ್ತಿ ನೋಡಬೇಕಿತ್ತು.

ಕಳಪೆಯಲ್ಲೂ ದರ್ಜೆಗಳಿವೆ. ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ ಎಷ್ಟು ರನ್ ಬಿಟ್ಟ ಎಂಬುದು ಪಿಚರ್‌ನ ಇಆರ್‌ಎ. ಮೂರಕ್ಕಿಂತ ಕಡಿಮೆಯಿದ್ದರೆ ದೇವರು, ಐದು ದಾಟಿದರೆ ದೆವ್ವ. ಒಬ್ಬನನ್ನು ಮಾತ್ರ ಔಟ್ ಮಾಡಿ ಏಳು ರನ್ ಬಿಟ್ಟರೆ ಇಆರ್‌ಎ 189. ಒಬ್ಬನನ್ನೂ ಔಟ್ ಮಾಡದೆ ಒಂದೇ ಒಂದು ರನ್ ಬಿಟ್ಟರೆ? ಸೊನ್ನೆಯಿಂದ ಭಾಗಿಸಬೇಕು. ಉತ್ತರ ಅನಂತ. ಋಷಿಗಳು ಹಿಮಾಲಯದಲ್ಲಿ ಹುಡುಕಿದ್ದನ್ನು ಬದಲಿ ಪಿಚರ್‌ಗಳು ಕಾಯುವ ಬುಲ್‌ಪೆನ್‌ನಿಂದ ಬಂದ ಹುಡುಗ ನಾಲ್ಕು ಚೆಂಡು ಎಸೆದು ತೋರಿಸಿಬಿಡುತ್ತಾನೆ. ಸೋಮವಾರವೇ ಹೀಗಾದರೆ ಮಾಲೀಕ ಉಳಿದ ಆರು ದಿನ ಆ ಅನಂತವನ್ನು ಇಳಿಸುವುದರಲ್ಲೇ ಕಳೆಯುತ್ತಾನೆ.

ಇನ್ನು ಗೆಲುವಿನ ಅಂಕ. ಇದು ಪಿಚರ್‌ಗಳಿಗೆ ಸಿಗುವ ಅಂಕ, ಆದರೆ ಹಂಚುವ ರೀತಿ ಮಾತ್ರ ನಮ್ಮ ಊರಿನ ಬಿಲ್ ಪಾಸ್ ಮಾಡುವವರಿಗೇ ಅರ್ಥವಾಗಬೇಕು. ಒಬ್ಬ ಆರು ಇನ್ನಿಂಗ್ಸ್ ರನ್ ಬಿಡದೆ ಎಸೆದು, ಮುನ್ನಡೆ ಕೊಟ್ಟು ಹೋಗುತ್ತಾನೆ. ಕೊನೆಗೆ ಬಂದವನು ಅದನ್ನೆಲ್ಲ ಹಾಳು ಮಾಡಿ ಸ್ಕೋರ್ ಸಮ ಮಾಡುತ್ತಾನೆ. ಅಷ್ಟರಲ್ಲಿ ಅವನ ತಂಡದ ಬ್ಯಾಟರ್‌ಗಳು ಇನ್ನೊಂದು ರನ್ ಗಳಿಸಿ ಗೆಲ್ಲುತ್ತಾರೆ. ಗೆಲುವು ಯಾರ ಹೆಸರಿಗೆ? ಹಾಳು ಮಾಡಿದವನ ಹೆಸರಿಗೆ! 2018ರಲ್ಲಿ ನ್ಯೂಯಾರ್ಕ್ ಮೆಟ್ಸ್‌ನ ಜೇಕಬ್ ಡಿಗ್ರಾಮ್ ಇಡೀ ವರ್ಷ 1.70ರ ಇಆರ್‌ಎಯಲ್ಲಿ ಎಸೆದು, ವರ್ಷದ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದ. ಅವನ ಖಾತೆಯಲ್ಲಿ ಗೆಲುವು 10, ಸೋಲು 9. ಗೆಲುವಿನ ಅಂಕದಲ್ಲಿ ಅವನನ್ನು ಹಿಂದೆ ಹಾಕಿದ ಸಾಧಾರಣ ಪಿಚರ್‌ಗಳು ಎಷ್ಟೋ ಮಂದಿ.

ಭಾನುವಾರದ ದೃಶ್ಯ ನೋಡಬೇಕು. ಇಆರ್‌ಎ ಲೆಕ್ಕದಲ್ಲಿ ನೀವು ಕೂದಲೆಳೆಯಷ್ಟು ಮುಂದಿದ್ದೀರಿ. ಅವತ್ತು ನಿಮ್ಮ ಅತಿ ದುಬಾರಿ ಪಿಚರ್ ಆಡಲಿದ್ದಾನೆ. ಜಾಣ ಮಾಲೀಕ ಏನು ಮಾಡುತ್ತಾನೆ? ಅವನನ್ನು ಬೆಂಚಿನಲ್ಲಿ ಕೂರಿಸುತ್ತಾನೆ. ಎಸೆದರೆ ತಾನೇ ರನ್ ಬಿಡೋದು! ವಾರವಿಡೀ ಆಟಗಾರರಿಗಾಗಿ ಕಾದು, ಕೊನೆಯ ದಿನ ಆಟವೇ ಬೇಡ ಎಂದು ಕೈಮುಗಿಯುವ ಕ್ರೀಡೆ ಇನ್ನೊಂದು ಇದ್ದರೆ ತಿಳಿಸಿ. ಮತ್ತು ಆ ಬೆಂಚಿನಲ್ಲಿ ಕೂತವನು ಅವತ್ತೇ ಹದಿಮೂರು ಸ್ಟ್ರೈಕ್‌ಔಟ್ ಮಾಡುತ್ತಾನೆ. ಪ್ರತಿ ಮಾಲೀಕನೂ ಪ್ರಮಾಣ ಮಾಡಿ ಹೇಳುತ್ತಾನೆ, ತನ್ನ ತಂಡದ ಶ್ರೇಷ್ಠ ಆಟಗಳೆಲ್ಲ ಬೆಂಚಿನಲ್ಲೇ ಆಗಿವೆ ಎಂದು.

ಇಲ್ಲಿ ಪ್ರೀತಿಯೂ ವಿಚಿತ್ರ. 2024ರಲ್ಲಿ ಚಿಕಾಗೊ ವೈಟ್ ಸಾಕ್ಸ್ 121 ಪಂದ್ಯ ಸೋತಿತು. ಆಧುನಿಕ ಬೇಸ್‌ಬಾಲ್‌ನಲ್ಲಿ ಒಂದು ಸೀಸನ್ನಿನಲ್ಲಿ ಇಷ್ಟು ಸೋತವರಿಲ್ಲ. ಚಿಕಾಗೊದಲ್ಲಿ ಜನ ಬೈದರು, ಅತ್ತರು. ಫ್ಯಾಂಟಸಿ ಲೋಕದಲ್ಲಿ ಅಷ್ಟು ಜನಪ್ರಿಯ ತಂಡ ಇನ್ನೊಂದಿರಲಿಲ್ಲ. 'ಈ ವಾರ ವೈಟ್ ಸಾಕ್ಸ್ ಮೇಲೆ ಯಾರು ಎಸೀತಾರೆ?' ಎಂದು ಎಲ್ಲರೂ ಹುಡುಕುತ್ತಿದ್ದರು. ಹೆಸರೇ ಕೇಳಿರದ ಪಿಚರ್‌ನನ್ನೂ ಎರಡು ದಿನದ ಮಟ್ಟಿಗೆ ನೇಮಿಸಿಕೊಂಡು ಕಳಿಸುತ್ತಿದ್ದರು. ಅದೇ ಪಿಚರ್ ಡೆನ್ವರ್‌ನಲ್ಲಿ ಎಸೆಯಬೇಕು ಅಂದರೆ ಮುಖ ತಿರುಗಿಸುತ್ತಾರೆ. ಒಂದು ಮೈಲಿ ಎತ್ತರದ ಊರು, ಗಾಳಿ ತೆಳು, ಚೆಂಡು ಹಾರಿಹೋಗುತ್ತದೆ.

ಸಿಲಿಕಾನ್ ವ್ಯಾಲಿಯ ಆಫೀಸುಗಳಲ್ಲಿ ನಮ್ಮ ಹುಡುಗರೂ ಈ ಗುಂಡಿಗೆ ಬಿದ್ದಿದ್ದಾರೆ. ಗಲ್ಲಿ ಕ್ರಿಕೆಟ್ ಆಡಿ ಬೆಳೆದವನು, ಸಹೋದ್ಯೋಗಿಗಳ ಜೊತೆ ಊಟಕ್ಕೆ ಕೂತಾಗ ಮಾತಾಡಲು ಏನಾದರೂ ಬೇಕಲ್ಲ ಎಂದು ಸೇರಿದ. ಈಗ ಅವನಿಗೆ ಊಟಕ್ಕೆ ಪುರಸೊತ್ತಿಲ್ಲ. ಸಿನ್ಸಿನಾಟಿಯಲ್ಲಿ ಮಳೆ ಬರುತ್ತಾ ಎಂದು ನೋಡುತ್ತಿರುತ್ತಾನೆ.

'ಏನ್ರೀ, ಮುಖ ಯಾಕೆ ಹಂಗಾಯ್ತು? ಊರಿಂದ ಫೋನ್ ಬಂತಾ?'

'ಮೊಣಕೈ ಲಿಗಮೆಂಟ್ ಹರಿದಿದೆಯಂತೆ ಕಣೇ. ಆಪರೇಷನ್ ಬೇಕಂತೆ. ಒಂದು ವರ್ಷ ಏಳೋ ಹಾಗಿಲ್ಲ.'

'ಅಯ್ಯೋ ದೇವರೇ, ಯಾರಿಗೆ?'

'ನಮ್ಮ ಪಿಚರ್‌ಗೆ.'

1974ರಲ್ಲಿ ಡಾಕ್ಟರ್ ಫ್ರಾಂಕ್ ಜೋಬ್ ಮೊದಲ ಸಲ ಟಾಮಿ ಜಾನ್ ಎಂಬ ಪಿಚರ್‌ಗೆ ಮಾಡಿದ ಆ ಮೊಣಕೈ ಆಪರೇಷನ್ನಿನ ಪೂರ್ತಿ ಚರಿತ್ರೆ ಇವನ ಬಾಯಲ್ಲಿದೆ. ಊರಲ್ಲಿ ಅಪ್ಪನಿಗೆ ನೋಯುತ್ತಿರುವುದು ಎಡ ಮಂಡಿಯೋ ಬಲ ಮಂಡಿಯೋ ಕೇಳಿ, ತಡವರಿಸುತ್ತಾನೆ. ಇವನದೇ ಕಂಪನಿ ಅಪ್ರೈಸಲ್‌ನಲ್ಲಿ 'ನಿರೀಕ್ಷೆಗೆ ತಕ್ಕಂತೆ' ಎಂದು ಬರೆದಾಗ ಮನುಷ್ಯನನ್ನು ಬರೀ ನಂಬರ್ ಮಾಡಿದ್ದಾರೆ ಎಂದು ಎರಡು ವಾರ ಮುನಿಸಿಕೊಂಡಿದ್ದ. ಆ ಮುನಿಸಿನ ಮಧ್ಯೆಯೇ ಪಿಟ್ಸ್‌ಬರ್ಗ್‌ನ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವಿನ ಫೀಲ್ಡರ್) ಒಬ್ಬನನ್ನು ನಾಲ್ಕು ದಿನ ಹಿಟ್ ಹೊಡೆಯಲಿಲ್ಲ ಎಂದು ಕೆಲಸದಿಂದ ತೆಗೆದುಹಾಕಿದ.

ತೆಗೆದುಹಾಕಿದ್ದರಿಂದ ಆಟಗಾರನಿಗೆ ಏನಾಗುತ್ತದೆ? ಬಾಲ್ಟಿಮೋರ್‌ನ ಕ್ರಿಸ್ ಡೇವಿಸ್‌ನನ್ನು ನೋಡಿ. ಏಳು ವರ್ಷಕ್ಕೆ 161 ಮಿಲಿಯನ್ ಡಾಲರ್ ಒಪ್ಪಂದ. 2018ರ ಸೆಪ್ಟೆಂಬರ್‌ನಿಂದ 2019ರ ಏಪ್ರಿಲ್ 13ರ ತನಕ ಅಧಿಕೃತ ಲೆಕ್ಕದಲ್ಲಿ ಸತತ 54 ಸಲ ಬ್ಯಾಟಿಂಗ್ ಮಾಡಿಯೂ ಒಂದು ಹಿಟ್ ಇಲ್ಲ. ಪಿಚರ್‌ಗಳನ್ನು ಬಿಟ್ಟರೆ ದಾಖಲೆ. ಅವನನ್ನು ನಂಬಿ ಕೂತವರಿಗೆ ಪ್ರತಿ ವಾರವೂ ಕಳಪೆ ಪ್ರಶಸ್ತಿ ಗ್ಯಾರಂಟಿ. ಒಬ್ಬೊಬ್ಬರಾಗಿ ಎಲ್ಲರೂ ಗುಂಡಿ ಒತ್ತಿ ಅವನನ್ನು ಹೊರಗೆ ಹಾಕಿದರು. ಡೇವಿಸ್‌ಗೆ ಬಾಕಿ ಸಂಬಳ 2037ರ ತನಕ ಬರುತ್ತಿರುತ್ತದೆ.

ಮೇಜರ್ ಲೀಗ್ 2011ರಲ್ಲಿ ಆಟಗಾರರಿಗೆ ಪಿತೃತ್ವ ರಜೆ ಕೊಡಲು ಶುರು ಮಾಡಿತು. ಗರಿಷ್ಠ ಮೂರು ದಿನ. ಮಗು ಹುಟ್ಟಿದ ಸುದ್ದಿ ಬಂದ ತಕ್ಷಣ ಮಾಲೀಕರು ಕ್ಯಾಲೆಂಡರ್ ನೋಡುತ್ತಾರೆ. ತಂಡಕ್ಕೆ ರಜೆಯಿದ್ದ ಗುರುವಾರ ಹುಟ್ಟಿದರೆ ಒಳ್ಳೇ ಮಗು. ಶುಕ್ರವಾರ ಹುಟ್ಟಿದರೆ ಅಪ್ಪನ ಹೆಸರು ವಾರದ ಕಳಪೆ ಪಟ್ಟಿಯಲ್ಲಿ.

ಎಲ್ಲವೂ ನಗುವ ಮಾತಲ್ಲ. 2025ರ ಮೇ ತಿಂಗಳಲ್ಲಿ ಹ್ಯೂಸ್ಟನ್‌ನ ಲ್ಯಾನ್ಸ್ ಮೆಕಲರ್ಸ್ ಗಾಯದಿಂದ ಎರಡು ವರ್ಷಕ್ಕೂ ಜಾಸ್ತಿ ಹೊರಗಿದ್ದು ಆಗಷ್ಟೇ ಮರಳಿದ್ದ. ಸಿನ್ಸಿನಾಟಿ ಎದುರು ಮೊದಲ ಇನ್ನಿಂಗ್ಸ್ ಮುಗಿಸಲೂ ಆಗದೆ ಏಳು ರನ್ ಬಿಟ್ಟ. ಅವತ್ತು ರಾತ್ರಿ ಅವನ ಪುಟ್ಟ ಮಕ್ಕಳನ್ನು ಕೊಲ್ಲುವ ಬೆದರಿಕೆ ಬಂತು. ಪೊಲೀಸರು ಹುಡುಕಿದಾಗ ಸಿಕ್ಕಿದ್ದು ಬೆಟ್ ಸೋತು ಕುಡಿದಿದ್ದ ಹೊರದೇಶದ ಒಬ್ಬ. 'ಅದು ಬೆಟ್ಟಿಂಗ್ ಜನ, ನಾವು ಹಂಗಲ್ಲ' ಎಂದು ಫ್ಯಾಂಟಸಿಯವರು ಹೇಳುತ್ತಾರೆ. ನಿಜ. ಇವರು ಬರೀ ಕೆಟ್ಟದಾಗಿ ಬೈದು ಮಲಗುತ್ತಾರೆ.

ಆಟಗಾರರಾದರೂ ಇದಕ್ಕೆಲ್ಲ ನಕ್ಕು ಸುಮ್ಮನಿರುತ್ತಾರೆ ಅಂದುಕೊಂಡರೆ ಅದೂ ಇಲ್ಲ. ಅವರದೇ ಒಂದು ಫ್ಯಾಂಟಸಿ ಫುಟ್‌ಬಾಲ್ ಲೀಗ್ ಇತ್ತು. ಅದರ ಕಮಿಷನರ್, ಅಂದರೆ ಲೀಗ್ ನಡೆಸುವವನು, ಬೇಸ್‌ಬಾಲ್‌ನ ಸೂಪರ್‌ಸ್ಟಾರ್ ಸಾಕ್ಷಾತ್ ಮೈಕ್ ಟ್ರೌಟ್. ಗಾಯಾಳುಗಳ ಪಟ್ಟಿಯಲ್ಲಿ ಯಾರನ್ನು ಇಡಬಹುದು, ಯಾರನ್ನು ಇಡಬಾರದು ಎಂದು ಸಿನ್ಸಿನಾಟಿಯ ಟಾಮಿ ಫ್ಯಾಮ್‌ಗೂ ಸ್ಯಾನ್ ಫ್ರಾನ್ಸಿಸ್ಕೊದ ಜಾಕ್ ಪೀಡರ್ಸನ್‌ಗೂ ತಕರಾರು. ಫ್ಯಾಮ್ ಅದನ್ನು ತಿಂಗಳುಗಟ್ಟಲೆ ಮನಸ್ಸಿನಲ್ಲಿಟ್ಟುಕೊಂಡಿದ್ದ. 2022ರ ಮೇ 27ರಂದು, ಪಂದ್ಯಕ್ಕೆ ಮುಂಚೆ, ಮೈದಾನದಲ್ಲೇ ಪೀಡರ್ಸನ್ ಕೆನ್ನೆಗೆ ಬಾರಿಸಿದ. ಆಮೇಲೆ ಪತ್ರಕರ್ತರ ಮುಂದೆ ನಿಂತು ಟ್ರೌಟ್‌ನಷ್ಟು ಕೆಟ್ಟ ಕಮಿಷನರ್ ಫ್ಯಾಂಟಸಿ ಲೋಕದಲ್ಲೇ ಇಲ್ಲ ಎಂದು ದೂರಿದ. ಮೇಜರ್ ಲೀಗ್ ಫ್ಯಾಮ್‌ಗೆ ಮೂರು ಪಂದ್ಯದ ನಿಷೇಧ ಹಾಕಿತು. ಶುಕ್ರವಾರ, ಶನಿವಾರ, ಭಾನುವಾರ. ಆ ವಾರ ಫ್ಯಾಮ್‌ನನ್ನು ತಮ್ಮ ಬೇಸ್‌ಬಾಲ್ ತಂಡದಲ್ಲಿ ಇಟ್ಟುಕೊಂಡಿದ್ದ ಮಾಲೀಕರಿಗೆ ಕೊನೆಯ ಮೂರು ದಿನವೂ ಸೊನ್ನೆ.